ವಿ.ವಿ. ‘ದುಡ್ಡಿಲ್ಲ’ ಅಂದರೆ ಯಾವ ಕಾಗದ ಕೇಳಬೇಕು?

ಶಹಾಬಾದಿ_ಕಲ್ಲು, ಕಲಬುರಗಿ:

ಸರ್ಕಾರಿ ವಿಶ್ವವಿದ್ಯಾಲಯಗಳ ಹಣಕಾಸಿನ ವಿಷಯ ಬಂದಾಗೆಲ್ಲ ಎರಡೇ ಮಾತು. ಒಳಗಿನವರು ‘ಸರ್ಕಾರ ಅನುದಾನ ಕೊಡ್ತಿಲ್ಲ’ ಅಂತಾರೆ, ಹೊರಗಿನವರು ‘ಎಲ್ಲಾ ತಿಂದು ಹಾಕಿದ್ರು’ ಅಂತಾರೆ. ಎರಡಕ್ಕೂ ಯಾರೂ ಕಾಗದ ತೋರಿಸುವುದಿಲ್ಲ.

ಗೊತ್ತಿದ್ದವರು ಇಷ್ಟು ಬಿಡಿಸಿ ಹೇಳಿ. ಅತಿಥಿ ಉಪನ್ಯಾಸಕರ ಗೌರವಧನಕ್ಕೆ ಹಣ ಇಲ್ಲ ಅನ್ನುವ ವಿ.ವಿ.ಯಲ್ಲಿ ಅದೇ ವರ್ಷ ಹೊಸ ಕಟ್ಟಡ ಏಳುವುದು ಹೇಗೆ? ಜಿಲ್ಲೆಗೊಂದು ವಿ.ವಿ. ಆದ ಮೇಲೆ ಹಳೆಯ ವಿ.ವಿ.ಯ ಆದಾಯ-ಖರ್ಚು ಏನಾಗುತ್ತದೆ? ಹೊರಗಿನವರಾದ ನಾವು ಯಾವ ದಾಖಲೆ, ಯಾರ ಹತ್ತಿರ, ಹೇಗೆ ಕೇಳಬೇಕು? ಕೊನೆಗೆ ಇದಕ್ಕೆಲ್ಲ ಉತ್ತರ ಕೊಡಬೇಕಾದವರು ಯಾರು: ಕುಲಪತಿಯೋ, ಸಿಂಡಿಕೇಟ್ ಎಂಬ ಆಡಳಿತ ಮಂಡಳಿಯೋ, ಸರ್ಕಾರವೋ?

ಕೂತು ಓದಿ ಲೆಕ್ಕ ತಾಳೆ ನೋಡಲು ನಾವು ನಾಲ್ಕೈದು ಜನ ತಯಾರಿದ್ದೇವೆ. ವಾಣಿಜ್ಯ ಓದಿದವರು ನಮ್ಮಲ್ಲಿ ಒಬ್ಬರೇ, ಆದ್ದರಿಂದ ಸ್ವಲ್ಪ ನಿಧಾನವಾಗಿಯೇ ಹೇಳಿ.

ಜಮಾ_ಖರ್ಚು:

ಕಟ್ಟಡದ ಪ್ರಶ್ನೆಯಿಂದಲೇ ಶುರು ಮಾಡೋಣ, ಜನ ಹೆಚ್ಚು ಎಡವುವುದು ಅಲ್ಲೇ. ವಿ.ವಿ. ಹತ್ತಿರ ಒಂದು ಚೀಲ ಇರುವುದಲ್ಲ, ನಾಲ್ಕು ಇವೆ. ಒಂದರ ದುಡ್ಡು ಇನ್ನೊಂದಕ್ಕೆ ಸುರಿಯುವಂತಿಲ್ಲ.

ಮೊದಲನೆಯದು ರಾಜ್ಯದ ಅನುದಾನ. ರಾಜ್ಯ ಬಜೆಟ್‌ನಲ್ಲಿ ಇದರ ಲೆಕ್ಕಶೀರ್ಷಿಕೆ 2202-03-102: ಸಾಮಾನ್ಯ ಶಿಕ್ಷಣ, ಅದರೊಳಗೆ ವಿಶ್ವವಿದ್ಯಾಲಯ ಮತ್ತು ಉನ್ನತ ಶಿಕ್ಷಣ, ಅದರೊಳಗೆ ವಿಶ್ವವಿದ್ಯಾಲಯಗಳಿಗೆ ನೆರವು. ಆರ್ಥಿಕ ಇಲಾಖೆ ಬಜೆಟ್ ಜೊತೆ ಹೊರತರುವ ವಿವರವಾದ ಅಂದಾಜುಗಳ ಸಂಪುಟದಲ್ಲಿ ಈ ಸಂಖ್ಯೆ ಹಿಡಿದು ಹುಡುಕಿ. ಇದರಲ್ಲಿ ಬಹುಪಾಲು ಸಂಬಳಕ್ಕೆ ಮತ್ತು ಪಿಂಚಣಿಗೆ ಹೋಗುತ್ತದೆ.

ಎರಡನೆಯದು ಆಂತರಿಕ ಸಂಪನ್ಮೂಲ. ಪರೀಕ್ಷಾ ಶುಲ್ಕ, ಕಾಲೇಜುಗಳ ಸಂಯೋಜನಾ ಶುಲ್ಕ, ನೋಂದಣಿ, ಅರ್ಹತಾ ಪತ್ರ, ಘಟಿಕೋತ್ಸವ, ಪಿಎಚ್‌ಡಿ ಶುಲ್ಕ, ಠೇವಣಿ ಬಡ್ಡಿ. ವಿ.ವಿ. ಸ್ವಂತ ನಿರ್ಧಾರದಿಂದ ಖರ್ಚು ಮಾಡಬಹುದಾದದ್ದು ಬಹುಮಟ್ಟಿಗೆ ಇದೊಂದೇ.

ಮೂರನೆಯದು ಇಂಥದ್ದಕ್ಕೇ ಎಂದು ಉದ್ದೇಶ ಗೊತ್ತುಮಾಡಿ ಕೊಟ್ಟ ಹಣ: ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ), ಕೇಂದ್ರ 60 ರಾಜ್ಯ 40 ಪಾಲಿನ ಉನ್ನತ ಶಿಕ್ಷಣ ಯೋಜನೆ ಪಿಎಂ-ಉಷಾ, ನಮ್ಮ ಭಾಗದಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿ, ಪರಿಶಿಷ್ಟ ಜಾತಿ-ಪಂಗಡಗಳ ಉಪಯೋಜನೆಗಳಾದ ಎಸ್‌ಸಿಎಸ್‌ಪಿ-ಟಿಎಸ್‌ಪಿ. ಕಟ್ಟಡ ಏಳುವುದು ಸಾಮಾನ್ಯವಾಗಿ ಈ ಚೀಲದಿಂದ. ಹಾಸ್ಟೆಲ್ ಅಂತ ಮಂಜೂರಾದ ಹಣದಲ್ಲಿ ಅತಿಥಿ ಉಪನ್ಯಾಸಕರಿಗೆ ಒಂದು ರೂಪಾಯಿ ಕೊಟ್ಟರೂ ಬಳಕೆ ಪ್ರಮಾಣಪತ್ರ ತಪ್ಪಾಗುತ್ತದೆ, ಮುಂದಿನ ಕಂತು ನಿಲ್ಲುತ್ತದೆ. ಹೀಗಾಗಿ ‘ಕಟ್ಟಡಕ್ಕೆ ಇದೆ, ಸಂಬಳಕ್ಕೆ ಇಲ್ಲ’ ಅನ್ನುವುದು ತನ್ನಷ್ಟಕ್ಕೆ ಹಗರಣವಲ್ಲ. ಕಟ್ಟಡ ಬೇಕಿತ್ತೇ, ಬೇಡವೇ ಎಂಬುದು ಬೇರೆ ಪ್ರಶ್ನೆ. ಕಟ್ಟಿದ ಮೇಲೆ ಅದರ ವಿದ್ಯುತ್ ಬಿಲ್ಲು, ಕಾವಲು, ಸ್ವಚ್ಛತೆ, ಸುಣ್ಣಬಣ್ಣ ಎಲ್ಲವೂ ಎರಡನೇ ಚೀಲದ ತಲೆ ಮೇಲೆ ಬೀಳುತ್ತವೆ. ಇದನ್ನು ಯಾವ ಶಂಕುಸ್ಥಾಪನೆಯ ಭಾಷಣದಲ್ಲೂ ಹೇಳುವುದಿಲ್ಲ.

ನಾಲ್ಕನೆಯದು ದತ್ತಿ, ಪಿಂಚಣಿ ನಿಧಿ, ಭದ್ರತಾ ಠೇವಣಿ. ಇದು ವಿ.ವಿ. ಕೈಯಲ್ಲಿರುವ ಬೇರೆಯವರ ಹಣ.

ಗೌರವಧನ ಯಾಕೆ ನಿಲ್ಲುತ್ತದೆ ಅಂದರೆ, ಸಂಬಳದ ಅನುದಾನ ಬರುವುದು ಮಂಜೂರಾದ ಹುದ್ದೆಯಲ್ಲಿ ಮನುಷ್ಯ ಇದ್ದರೆ ಮಾತ್ರ. ಪ್ರಾಧ್ಯಾಪಕರೊಬ್ಬರು ನಿವೃತ್ತರಾದ ತಿಂಗಳಿಂದ ಆ ಹುದ್ದೆಯ ಅನುದಾನ ನಿಂತುಹೋಗುತ್ತದೆ, ಪಾಠ ನಿಲ್ಲುವುದಿಲ್ಲ. ಯುಜಿಸಿ ಲೆಕ್ಕದಲ್ಲಿ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ಬೋಧನೆ. ಆ 16 ಗಂಟೆಯನ್ನು ಅತಿಥಿ ಉಪನ್ಯಾಸಕರಿಗೆ ಹಂಚಿ ಗೌರವಧನವನ್ನು ಎರಡನೇ ಚೀಲದಿಂದ ಕೊಡುತ್ತಾರೆ. ಒಂದು ಲೆಕ್ಕ ಹಾಕಿ ನೋಡಿ: 30 ವಿಭಾಗ, ವಿಭಾಗಕ್ಕೆ ಮೂವರು ಅತಿಥಿಗಳು, ತಿಂಗಳಿಗೆ ತಲಾ 30 ಸಾವಿರ. ತಿಂಗಳಿಗೆ 27 ಲಕ್ಷ, ಹತ್ತು ತಿಂಗಳಿಗೆ 2.7 ಕೋಟಿ. 2019ರಲ್ಲಿ ಯುಜಿಸಿ ಹೇಳಿದ್ದು ಉಪನ್ಯಾಸಕ್ಕೆ 1500 ರೂಪಾಯಿ, ತಿಂಗಳಿಗೆ ಗರಿಷ್ಠ 50 ಸಾವಿರ. ಅಷ್ಟು ಕೊಡಲು ಹೊರಟರೆ ಇದೇ ಲೆಕ್ಕ 4.5 ಕೋಟಿ ಆಗುತ್ತದೆ. ಹುದ್ದೆ ಖಾಲಿ ಬಿಟ್ಟು ಸರ್ಕಾರ ಉಳಿಸಿದ ಸಂಬಳವನ್ನು ಪದವಿ ವಿದ್ಯಾರ್ಥಿಯ ಪರೀಕ್ಷಾ ಶುಲ್ಕ ತುಂಬುತ್ತಿದೆ, ಅಷ್ಟೇ.

ಪಿಂಚಣಿ ಇನ್ನೊಂದು ಹೊರೆ. ರಾಜ್ಯದಲ್ಲಿ 2006ರ ಏಪ್ರಿಲ್ 1ಕ್ಕೆ ಮುಂಚೆ ಸೇರಿದವರಿಗೆ ಹಳೆಯ ಪಿಂಚಣಿ, ಆಮೇಲಿನವರಿಗೆ ಎನ್‌ಪಿಎಸ್, ಅಂದರೆ ನೌಕರರೂ ವಂತಿಗೆ ಕಟ್ಟುವ ಹೊಸ ಪಿಂಚಣಿ. ಅಂದರೆ ವಿ.ವಿ. ಹಳೆಯದಾದಷ್ಟೂ ಪಿಂಚಣಿ ಪಟ್ಟಿ ಉದ್ದ. ಅದರ ಮೇಲೆ 7ನೇ ರಾಜ್ಯ ವೇತನ ಆಯೋಗದ ಪರಿಷ್ಕರಣೆ 2024ರ ಆಗಸ್ಟ್ 1ರಿಂದ ಜಾರಿಗೆ ಬಂತು. ಅನುದಾನ ಅದೇ ಪ್ರಮಾಣದಲ್ಲಿ ಏರದಿದ್ದರೆ ಕೊರತೆಯನ್ನು ವಿ.ವಿ.ಯೇ ತುಂಬಬೇಕು. ಮೊದಲು ಬಡ್ಡಿ ಖಾಲಿ, ಆಮೇಲೆ ಠೇವಣಿ ಮುರಿಯುವುದು. ನಿಶ್ಚಿತ ಠೇವಣಿಗಳ ಮೊತ್ತ ಮೂರು ವರ್ಷ ಸತತವಾಗಿ ಇಳಿದಿದ್ದರೆ ಬೇರೆ ಯಾವ ಸೂಚಕವೂ ಬೇಕಿಲ್ಲ.

ಓದುವುದು ಹೇಗೆ ಅಂದಿರಿ. ವಿ.ವಿ. ಆಯವ್ಯಯ ಪುಸ್ತಕದಲ್ಲಿ ಮೂರು ಕಾಲಂ ಇರುತ್ತವೆ: ಕಳೆದ ವರ್ಷದ ವಾಸ್ತವ, ಈ ವರ್ಷದ ಪರಿಷ್ಕೃತ ಅಂದಾಜು, ಮುಂದಿನ ವರ್ಷದ ಅಂದಾಜು. ಪತ್ರಿಕೆಗಳಲ್ಲಿ ಬರುವುದು ಮೂರನೆಯದು. ನೀವು ಮೊದಲನೆಯದನ್ನು ಹಿಡಿದು, ಅದೇ ವರ್ಷಕ್ಕೆ ಹಿಂದಿನ ಪುಸ್ತಕದಲ್ಲಿ ಏನು ಅಂದಾಜು ಮಾಡಿದ್ದರು ಎಂದು ಪಕ್ಕದಲ್ಲಿಟ್ಟು ನೋಡಿ. ಜಮಾ ಕಡೆ ‘ಸರ್ಕಾರದಿಂದ ನಿರೀಕ್ಷಿತ ಅನುದಾನ’ ಅಂತ ದೊಡ್ಡ ಮೊತ್ತ ಬರೆದು ಕೊರತೆ ಮುಚ್ಚಿರುತ್ತಾರೆ, ವಾಸ್ತವದ ಕಾಲಂನಲ್ಲಿ ಅಲ್ಲಿ ಸೊನ್ನೆ ಇರುತ್ತದೆ. ವಾರ್ಷಿಕ ಲೆಕ್ಕಪತ್ರದಲ್ಲಿ ಈ ವರ್ಷದ ಆರಂಭಿಕ ಶಿಲ್ಕು (ಕೈಯಲ್ಲಿರುವ ಉಳಿಕೆ) ಹಿಂದಿನ ವರ್ಷದ ಅಂತಿಮ ಶಿಲ್ಕಿಗೆ ಪೈಸೆಯವರೆಗೆ ಸರಿ ಇರಬೇಕು. ಸರಿ ಇಲ್ಲದಿದ್ದರೆ ಅಲ್ಲೇ ನಿಲ್ಲಿ, ಮುಂದಿನ ಪುಟ ಓದಿ ಪ್ರಯೋಜನವಿಲ್ಲ. ನಗದು ಪುಸ್ತಕಕ್ಕೂ ಬ್ಯಾಂಕಿಗೂ ತಾಳೆ ನೋಡಿದ ಸಮನ್ವಯ ತಃಖ್ತೆ (ಪಟ್ಟಿ) ಇದೆಯೇ ಕೇಳಿ. ಹತ್ತಾರು ಖಾತೆ ತೆರೆದಿಟ್ಟು ಅರ್ಧಕ್ಕೆ ತಃಖ್ತೆಯೇ ಇರುವುದಿಲ್ಲ.

ದತ್ತಿಯ ಒಂದು ಉದಾಹರಣೆ ಕೊಡುತ್ತೇನೆ, ಸಣ್ಣದಾದರೂ ಇಡೀ ರೋಗ ಅದರಲ್ಲಿ ಕಾಣುತ್ತದೆ. 1985ರಲ್ಲಿ ಯಾರೋ ಚಿನ್ನದ ಪದಕಕ್ಕೆಂದು 50 ಸಾವಿರ ಕೊಟ್ಟರು ಅನ್ನಿ. ಶೇ 10 ಬಡ್ಡಿಗೆ ವರ್ಷಕ್ಕೆ 5 ಸಾವಿರ. ಆಗ 10 ಗ್ರಾಂ ಚಿನ್ನ ಎರಡು ಸಾವಿರದ ಆಸುಪಾಸು. ಈಗ ಶೇ 7ರಂತೆ ಬಡ್ಡಿ 3500, 10 ಗ್ರಾಂ ಚಿನ್ನ ಲಕ್ಷ ದಾಟಿದೆ. ಹಾಗಾದರೆ ವೇದಿಕೆ ಮೇಲೆ ಕೊರಳಿಗೆ ಹಾಕುವ ಪದಕ ಯಾವ ದುಡ್ಡಿನದು? ಒಂದೋ ಬೆಳ್ಳಿಗೆ ಚಿನ್ನದ ನೀರು ಕುಡಿಸಿರಬೇಕು, ಇಲ್ಲವೇ ಸಾಮಾನ್ಯ ನಿಧಿಯಿಂದ ತುಂಬಿರಬೇಕು. ದತ್ತಿ ವಹಿ ಕೇಳಿ: ಪ್ರತಿ ದತ್ತಿಯ ಅಸಲು, ಅದನ್ನಿಟ್ಟ ಠೇವಣಿ ರಸೀದಿ ಸಂಖ್ಯೆ, ಬಡ್ಡಿ, ಖರ್ಚು. ಅಸಲುಗಳೆಲ್ಲ ಸೇರಿ ಒಂದೇ ಉಳಿತಾಯ ಖಾತೆಯಲ್ಲಿ ಕರಗಿಹೋಗಿದ್ದರೆ ಆ ವಿ.ವಿ.ಯ ಪಿಂಚಣಿ ನಿಧಿಯನ್ನೂ ಒಮ್ಮೆ ನೋಡಿಬಿಡಿ.

ಬಿದ್ರಿ_ಕಪ್ಪು, ಬೀದರ್:

ಜಮಾ_ಖರ್ಚು ಸರ್ ಹೇಳಿದ್ದು ಸರಿ. ಎರಡನೇ ಚೀಲ ನಮ್ಮ ಭಾಗದಲ್ಲಿ ಹರಿದದ್ದು ಹೇಗೆ ಅನ್ನುವುದನ್ನು ಸೇರಿಸುತ್ತೇನೆ.

1970ರಲ್ಲಿ ಧಾರವಾಡದ ಕರ್ನಾಟಕ ವಿ.ವಿ.ಯ ಸ್ನಾತಕೋತ್ತರ ಕೇಂದ್ರವಾಗಿದ್ದದ್ದು 1980ರಲ್ಲಿ ಗುಲಬರ್ಗಾ ವಿ.ವಿ. ಆಯಿತು. ಊರು ಕಲಬುರಗಿ ಆದರೂ ವಿ.ವಿ. ಹೆಸರು ಹಾಗೇ ಉಳಿದಿದೆ. ಆಗ ಬೀದರಿನಿಂದ ಬಳ್ಳಾರಿವರೆಗೆ ಒಂದೇ ವಿ.ವಿ. 2010ರಲ್ಲಿ ಬಳ್ಳಾರಿಗೆ ಶ್ರೀಕೃಷ್ಣದೇವರಾಯ ವಿ.ವಿ. ಬಂದು ಬಳ್ಳಾರಿ, ಕೊಪ್ಪಳ ಹೋದವು. ಆಮೇಲೆ ರಾಯಚೂರು ವಿ.ವಿ. ಆಗಿ ರಾಯಚೂರು, ಯಾದಗಿರಿ ಹೋದವು. 2023ರಲ್ಲಿ ನಮ್ಮ ಬೀದರ್ ವಿ.ವಿ. ಬೇರೆಯಾಯಿತು. ಈಗ ಹಳೆಯ ವಿ.ವಿ.ಗೆ ಕಾಲೇಜುಗಳಿರುವುದು ಕಲಬುರಗಿ ಜಿಲ್ಲೆಯವು ಮಾತ್ರ.

ಕಾಲೇಜು ಹೋದರೆ ಅದರ ಸಂಯೋಜನಾ ಶುಲ್ಕ, ಪರೀಕ್ಷಾ ಶುಲ್ಕ ಎರಡೂ ಹೋದವು. ತಿಳಿಯಲಿಕ್ಕೆ ಒಂದು ಲೆಕ್ಕ: ಸೆಮಿಸ್ಟರಿಗೆ ಸಾವಿರ ರೂಪಾಯಿ ಕಟ್ಟುವ 15 ಸಾವಿರ ವಿದ್ಯಾರ್ಥಿಗಳು ಬೇರೆ ವಿ.ವಿ.ಗೆ ಹೋದರೆ ವರ್ಷಕ್ಕೆ 3 ಕೋಟಿ ಖೋತಾ. ನಿವೃತ್ತರು ಮಾತ್ರ ಯಾರೂ ಹೋಗಲ್ಲ. ಆದಾಯ ಪಾಲಾಯಿತು, ಪಿಂಚಣಿ ಪಟ್ಟಿ ದೊಡ್ಡಣ್ಣನ ಹತ್ತಿರವೇ ಉಳಿಯಿತು. ಹೊಲ ಪಾಲು ಮಾಡಿಕೊಂಡು ಸಾಲ ಮಾತ್ರ ಹಿರಿಯನ ಹೆಸರಿಗೆ ಬಿಟ್ಟ ಮನೆಯ ಹಾಗೆ.

ಪರೀಕ್ಷಾ ವಿಭಾಗದ ಖರ್ಚೂ ಹಾಗೆ. ವಿಭಜನೆಗೆ ಮುಂಚೆ ದಾಖಲಾದವರ ಅಂಕಪಟ್ಟಿ, ಬಾಕಿ ಪರೀಕ್ಷೆ ಎಲ್ಲ ಹಳೆಯ ವಿ.ವಿ.ಯದೇ ಜವಾಬ್ದಾರಿ. ಹಳೆ ಪಠ್ಯಕ್ರಮದ ಒಂದು ವಿಷಯಕ್ಕೆ 12 ಜನ ಉಳಿದಿದ್ದರೂ ಪ್ರಶ್ನೆಪತ್ರಿಕೆ ತೆಗೆಯುವವರಿಗೆ ಸಂಭಾವನೆ, ಪರಿಶೀಲನಾ ಮಂಡಳಿಯ ಭತ್ಯೆ, ಮುದ್ರಣ, ಭದ್ರತೆ, ಮೌಲ್ಯಮಾಪನ ಅಷ್ಟೇ ಬೇಕು. 1200 ಮಂದಿಗೆ ಹಂಚಿಹೋಗುತ್ತಿದ್ದ ಖರ್ಚು 12 ಮಂದಿಯ ತಲೆಗೆ ಬರುತ್ತದೆ. ಪೂರಕ ಪರೀಕ್ಷೆಯ ಶುಲ್ಕ ಜಾಸ್ತಿ ಯಾಕೆ ಅಂತ ಹುಡುಗರು ಕೇಳಿದರೆ ಉತ್ತರದಲ್ಲಿ ಇದರ ಪಾಲೂ ಇದೆ.

ಹೊಸ ವಿ.ವಿ.ಗಳ ಪಾಡು ಇದರ ತಿರುಗುಮುರುಗು. ಶುಲ್ಕ ಬರುತ್ತದೆ, ಮಂಜೂರಾದ ಹುದ್ದೆ ಇಲ್ಲ. ನಮ್ಮ ಹಾಲಹಳ್ಳಿ ಆವರಣ ಮುಂಚೆ ಗುಲಬರ್ಗಾ ವಿ.ವಿ.ಯ ಸ್ನಾತಕೋತ್ತರ ಕೇಂದ್ರ. 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟ ಉಪಸಮಿತಿ ಹೊಸ ವಿ.ವಿ.ಗಳನ್ನು ಮುಚ್ಚುವ ಅಥವಾ ಮಾತೃ ವಿ.ವಿ.ಯಲ್ಲಿ ವಿಲೀನ ಮಾಡುವ ಮಾತು ಆಡಿದಾಗ ಬೀದರ್ ಉಳಿಯಿತು ಅಂತ ಇಲ್ಲಿ ಖುಷಿಪಟ್ಟವರು ಬಹಳ. ಉಳಿಯಲು ಕಾಲೇಜುಗಳ ಸಂಖ್ಯೆ ಸಾಕು, ನಡೆಯಲು ಹುದ್ದೆ ಬೇಕು. ಆದ್ದರಿಂದ ಹೊಸ ವಿ.ವಿ.ಗೆ ಕೇಳಬೇಕಾದ ಮೊದಲ ಕಾಗದ ಆಯವ್ಯಯವಲ್ಲ. ಮಂಜೂರಾದ ಹುದ್ದೆ, ಭರ್ತಿಯಾದ ಹುದ್ದೆ, ನಿಯೋಜನೆ ಮೇಲೆ ಬಂದವರು, ಹೊರಗುತ್ತಿಗೆಯವರು, ಈ ನಾಲ್ಕು ಕಾಲಂನ ಪಟ್ಟಿ. ಎರಡನೆಯದು, ಆಸ್ತಿ ಮತ್ತು ಹೊಣೆ ಹಂಚಿಕೆಯ ಆದೇಶ: ಜಮೀನು, ಕಟ್ಟಡ, ಪ್ರಯೋಗಾಲಯದ ಸಾಮಾನು, ಠೇವಣಿ, ವರ್ಗಾವಣೆಯಾದ ನೌಕರರ ಹಿಂದಿನ ಸೇವೆಯ ಪಿಂಚಣಿ ಪಾಲು ಯಾರದು. ಇದು ಬರವಣಿಗೆಯಲ್ಲಿ ಇಲ್ಲದಿದ್ದರೆ ಇಪ್ಪತ್ತು ವರ್ಷ ಆದ ಮೇಲೆ ಎರಡು ವಿ.ವಿ.ಗಳ ನಡುವೆ ನಿವೃತ್ತನೊಬ್ಬ ಓಡಾಡಬೇಕಾಗುತ್ತದೆ.

ಸಂಯೋಜನಾ ಶುಲ್ಕದ ಮೇಲೆ ಇನ್ನೊಂದು ತೂಗುಗತ್ತಿ ಇದೆ. ಈ ಸೇವೆಗೆ ಶೇ 18 ಜಿಎಸ್‌ಟಿ ಅನ್ವಯ ಎಂದು 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸುತ್ತೋಲೆ ಹೊರಡಿಸಿತು. ವಿವಾದ ಕೋರ್ಟುಗಳಲ್ಲೂ ಇದೆ. ಬಾಕಿ ತೆರಿಗೆಗೆ ಲೆಕ್ಕದಲ್ಲಿ ಅವಕಾಶ ಇಟ್ಟಿದ್ದಾರೋ ಇಲ್ಲವೋ ನೋಡಿ.

ಹತ್ತು_ರೂಪಾಯಿ_ಐಪಿಒ, ಕಲಬುರಗಿ:

ಕಾಗದ ಯಾವ್ಯಾವು ಅಂತ ಇಬ್ರೂ ಛಲೋ ಹೇಳ್ಯಾರ. ಅವು ಕೈಗೆ ಬರೋದು ಹ್ಯಾಂಗ ಅಂತ ನಾ ಹೇಳ್ತೀನಿ ನೋಡ್ರಿ ಸರ.

ಅರ್ಜಿ ಹಾಕೋಕಿಂತ ಮೊದ್ಲು ವಿ.ವಿ. ವೆಬ್‌ಸೈಟ್ ತೆಗೀರಿ. ಮಾಹಿತಿ ಹಕ್ಕು ಕಾಯ್ದೆ 4(1)(ಬಿ) ಒಳಗ 17 ಬಾಬತ್ತು ತಾವಾಗೇ ಪ್ರಕಟ ಮಾಡಬೇಕಂತ ಅದ. ಅಧಿಕಾರಿಗಳ ತಿಂಗಳ ಸಂಬಳ, ಬಜೆಟ್ ಹಂಚಿಕಿ, ಸಮಿತಿಗಳ ನಡಾವಳಿ ಸಾರ್ವಜನಿಕರಿಗೆ ಸಿಗ್ತದೋ ಇಲ್ಲೋ ಅನ್ನೋದು, ಎಲ್ಲಾ ಅದರಾಗೇ ಬರ್ತದ. ಮೂರು ವರ್ಷ ಹಿಂದಿನ ಪಿಡಿಎಫ್ ಹಾಕಿ ಕೈತೊಳಕೊಂಡಿದ್ರ ಅದೇ ನಿಮ್ಮ ಮೊದಲನೇ ಅರ್ಜಿ.

ಕರ್ನಾಟಕದ ನಿಯಮದಾಗ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಹತ್ತು ವಿಷಯ ಹತ್ತು ವರ್ಷದ್ದು ಒಂದೇ ಹಾಳಿ ಮ್ಯಾಲ ಬರದ್ರ ಅವರು ಖುಷಿಲೆ ವಾಪಸ್ ಕಳಸ್ತಾರ. ಫೀ 10 ರೂಪಾಯಿ, ಎ4 ಪುಟಕ್ಕ 2 ರೂಪಾಯಿ. ಐಪಿಒ (ಪೋಸ್ಟಲ್ ಆರ್ಡರ್) ತಗೊಳ್ಳೋರು ಯಾರ ಹೆಸರಿಗೆ ಅನ್ನೋದು ಮೊದ್ಲು ಕೇಳಿ ಬರೀರಿ. ಹೆಸರು ತಪ್ಪಿದ್ರ ಅರ್ಜಿ ಅಲ್ಲೇ ಬೀಳ್ತದ.

ಬಹಳ ಮಂದಿ ಮಾಡೋ ತಪ್ಪು ‘ಯಾಕ’ ಅಂತ ಕೇಳೋದು. ‘ಗೌರವಧನ ಯಾಕ ಕೊಟ್ಟಿಲ್ಲ?’ ಅಂದ್ರ ‘ಮಾಹಿತಿ ವ್ಯಾಪ್ತಿಗೆ ಬರಲ್ಲ’ ಅಂತ ಒಂದು ಸಾಲು ಬರ್ತದ, ಅದು ಕಾನೂನು ಪ್ರಕಾರ ಸರಿನೂ ಅದ. ದಾಖಲಿ ಹೆಸರು ಹಿಡದು ಕೇಳ್ರಿ. ಹಿಂಗ ಬರೀಬಹುದು:

‘ವಿಶ್ವವಿದ್ಯಾಲಯದ ಲೆಕ್ಕಪರಿಶೋಧನೆ ಪೂರ್ಣಗೊಂಡ ತೀರಾ ಇತ್ತೀಚಿನ ಆರ್ಥಿಕ ವರ್ಷಕ್ಕೆ ಸಂಬಂಧಿಸಿ ಈ ದಾಖಲೆಗಳ ದೃಢೀಕೃತ ಪ್ರತಿ ಕೋರಿದೆ. ವಾರ್ಷಿಕ ಲೆಕ್ಕಪತ್ರ. ಲೆಕ್ಕಪರಿಶೋಧನಾ ವರದಿ, ಎಲ್ಲ ಅನುಬಂಧಗಳ ಸಹಿತ. ಸದರಿ ವರದಿಗೆ ಸಲ್ಲಿಸಿದ ಅನುಪಾಲನಾ ವರದಿ. ಆ ವರ್ಷದ ಮಾರ್ಚ್ 31ಕ್ಕೆ ಇದ್ದಂತೆ ನಿಶ್ಚಿತ ಠೇವಣಿಗಳ ವಹಿ ಹಾಗೂ ಹೊಂದಾಣಿಕೆಯಾಗದ ಮುಂಗಡಗಳ ಪಟ್ಟಿ.’

‘ಇತ್ತೀಚಿನ’ ಅಂತ ಯಾಕ ಬರೀಬೇಕಂದ್ರ, ಲೆಕ್ಕಪರಿಶೋಧನೆ ಯಾವಾಗ್ಲೂ ಹಿಂದ ಉಳದಿರ್ತದ. ನೀವು ವರ್ಷ ಬರದ್ರ ‘ಸದರಿ ವರ್ಷದ ವರದಿ ಬಂದಿಲ್ಲ’ ಅಂತ ಬರ್ತದ, ತಿಂಗಳು ಹೋತು. ‘ಅನುಬಂಧಗಳ ಸಹಿತ’ ಬಿಡಬ್ಯಾಡ್ರಿ. ವರದಿ ಮೈಯಾಗ ಬರೀ ಕಂಡಿಕಿ (ಪ್ಯಾರಾ) ಇರ್ತಾವ. ಆಕ್ಷೇಪಣೆಯಲ್ಲಿಟ್ಟ ಮೊತ್ತ ಎಷ್ಟು, ವಸೂಲಾತಿಗೆ ತೋರಿಸಿದ್ದು ಎಷ್ಟು, ಯಾವ ವೋಚರ್ ಅನ್ನೋದು ಅನುಬಂಧದಾಗ ಇರ್ತದ.

30 ದಿನದಾಗ ಉತ್ತರ ಬರಬೇಕು. ಬಂದಿಲ್ಲಂದ್ರ 7(6) ಪ್ರಕಾರ ಪುಟದ ದುಡ್ಡು ಕೊಡೋ ಹಂಗಿಲ್ಲ, ಪುಕ್ಕಟೆ ಕೊಡಬೇಕು. ಆದ್ರ ‘ಇಷ್ಟು ಪುಟ, ಇಷ್ಟು ಕಟ್ಟಿರಿ’ ಅಂತ 30 ದಿನದೊಳಗ ಪತ್ರ ಹಾಕಿದ್ರ, ಆ ಪತ್ರ ಹೊಂಟ ದಿನದಿಂದ ನೀವು ಕಟ್ಟೋ ದಿನದ ತನಕ ಲೆಕ್ಕಕ್ಕಿಲ್ಲ. ಅದಕ್ಕ ಲಕೋಟಿ ಮ್ಯಾಲಿನ ಅಂಚೆ ಮುದ್ರಿ ಕಾದಿಡ್ರಿ. ಆಮ್ಯಾಲ 30 ದಿನದಾಗ ಮೊದಲ ಮೇಲ್ಮನವಿ, ಅಲ್ಲಿಂದ 90 ದಿನದಾಗ ಮಾಹಿತಿ ಆಯೋಗ. ಆಯೋಗದ ಪೀಠ ಕಲಬುರಗಿಯಾಗೇ ಅದ, ಬೆಂಗಳೂರಿಗೆ ಓಡೋ ಕೆಲಸಿಲ್ಲ. ದಂಡ ದಿನಕ್ಕ 250ರಂಗ 25 ಸಾವಿರ ತನಕ. ದಂಡ ಬೀಳೋದು ಅಪರೂಪ, ನೋಟಿಸ್ ಹೋದ್ರ ಕಡತ ತಾನೇ ಸಿಗ್ತದ.

‘ಕಡತ ಭಾಳ ದೊಡ್ಡದದ’ ಅಂದ್ರ 2(ಜೆ) ಪ್ರಕಾರ ಪರಿಶೀಲನಾ ಕೇಳ್ರಿ. ಇಬ್ರು ಹೋಗ್ರಿ, ಒಬ್ರು ಓದೋದು, ಒಬ್ರು ಪುಟ ಸಂಖ್ಯೆ ಬರಕೊಳ್ಳೋದು. ಆಮ್ಯಾಲ ಬೇಕಾದ ಪುಟಕ್ಕಷ್ಟೇ 2 ರೂಪಾಯಿ. ವ್ಯಕ್ತಿಗಳ ಹೆಸರು ಹಿಡದು ಕೇಳೋದು ಬಿಡ್ರಿ. 8(1)(ಜೆ) ಈಗ ತಿದ್ದುಪಡಿ ಆಗಿ ವೈಯಕ್ತಿಕ ಮಾಹಿತಿ ಅನ್ನೋ ನೆಪ ಇನ್ನೂ ಸಸಾರ ಆಗ್ಯದ. ಹುದ್ದಿ, ಮೊತ್ತ, ದಿನಾಂಕ ಸಾಕು.

ಪರೀಕ್ಷಾ ವಿಭಾಗದಾಗ ಒಂದೇ ಒಂದು ವಹಿ ಕೇಳೋದಾದ್ರ ಉತ್ತರಪತ್ರಿಕೆ ದಾಸ್ತಾನು ವಹಿ ಕೇಳ್ರಿ. ಪ್ರತಿ ಪುಸ್ತಕಕ್ಕ ಕ್ರಮಸಂಖ್ಯೆ ಇರ್ತದ. ಹಿಂದಿನ ಶಿಲ್ಕು, ಹೊಸದಾಗಿ ಅಚ್ಚು ಹಾಕಿಸಿದ್ದು, ಕೇಂದ್ರಗಳಿಗೆ ಕೊಟ್ಟಿದ್ದು, ಬಳಸದೆ ವಾಪಸ್ ಬಂದದ್ದು, ಉಳದದ್ದು. 30 ಸಾವಿರ ಮಂದಿ, ತಲಾ 6 ಪತ್ರಿಕಿ ಅಂದ್ರ 1 ಲಕ್ಷ 80 ಸಾವಿರ ಪುಸ್ತಕ. ಹಾಳಾಗೋದಕ್ಕ ಶೇ 10 ಹಿಡದ್ರ 2 ಲಕ್ಷದೊಳಗ ಆತು. ಅಚ್ಚು ಹಾಕಿಸಿದ್ದು 3 ಲಕ್ಷ ಇದ್ದು ವಾಪಸ್ ಬಂದಿದ್ದರ ಕಾಲಂ ಖಾಲಿ ಇದ್ರ, ಅದು ದುಡ್ಡಿನ ಪ್ರಶ್ನೆ ಅಷ್ಟೇ ಅಲ್ಲ, ಬರೀದ ಪುಸ್ತಕ ಎಲ್ಲಿ ತಿರಗ್ಯಾಡ್ತಾವ ಅನ್ನೋ ಪ್ರಶ್ನೆ.

ನಡಾವಳಿ_ಓದುಗ:

ಉತ್ತರ ಕೊಡಬೇಕಾದವರು ಯಾರು ಎಂಬ ನಿಮ್ಮ ಕೊನೆಯ ಪ್ರಶ್ನೆಗೆ.

ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ 2000ರ ಪ್ರಕಾರ ರಾಜ್ಯಪಾಲರು ಕುಲಾಧಿಪತಿ, ಉನ್ನತ ಶಿಕ್ಷಣ ಸಚಿವರು ಸಮಕುಲಾಧಿಪತಿ. ಕುಲಪತಿಯ ಅವಧಿ ನಾಲ್ಕು ವರ್ಷ. ಆಯ್ಕೆಗೆ ನಾಲ್ವರ ಶೋಧನಾ ಸಮಿತಿ: ಕುಲಾಧಿಪತಿ, ಯುಜಿಸಿ, ರಾಜ್ಯ ಸರ್ಕಾರ, ಸಿಂಡಿಕೇಟ್ ಕಡೆಯಿಂದ ಒಬ್ಬೊಬ್ಬರು. ದಿನದ ಆಡಳಿತ ಕುಲಸಚಿವರದು, ಪರೀಕ್ಷೆ ಕುಲಸಚಿವ ಮೌಲ್ಯಮಾಪನ ಅವರದು, ಲೆಕ್ಕ ಹಣಕಾಸು ಅಧಿಕಾರಿಯದು. ಆದರೆ ಹಣದ ನಿರ್ಣಯ ಯಾರೊಬ್ಬರದೂ ಅಲ್ಲ. ಹಣಕಾಸು ಸಮಿತಿ ನೋಡಿ ಸಿಂಡಿಕೇಟ್ ಒಪ್ಪಬೇಕು. ಹಳೆಯ 1976ರ ಕಾಯ್ದೆಯಲ್ಲಿ ಸೆನೆಟ್ ಎಂಬುದಿತ್ತು, ಅಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವವರಿದ್ದರು. ಈಗಿನ ಕಾಯ್ದೆಯಲ್ಲಿ ಅದಿಲ್ಲ. ಸಿಂಡಿಕೇಟ್‌ನಲ್ಲಿ ಸರ್ಕಾರದ ನಾಮನಿರ್ದೇಶಿತರು, ಡೀನರು, ಪ್ರಾಂಶುಪಾಲರು, ಅಧಿಕಾರಿಗಳು. ಸರ್ಕಾರ ಬದಲಾದರೆ ನಾಮನಿರ್ದೇಶಿತರೂ ಬದಲಾಗುತ್ತಾರೆ. ಹಳೆಯ ನಿರ್ಣಯಕ್ಕೆ ಬಾಧ್ಯಸ್ಥರು ಯಾರೂ ಕೋಣೆಯಲ್ಲಿ ಇರುವುದಿಲ್ಲ.

ಆದ್ದರಿಂದ ಮನುಷ್ಯರನ್ನು ಹುಡುಕುವ ಬದಲು ಸಿಂಡಿಕೇಟ್ ಸಭೆಯ ನಡಾವಳಿ ಓದಿ. ಎರಡು ಪದಗಳ ಮೇಲೆ ಬೆರಳಿಟ್ಟುಕೊಂಡು ಹೋಗಿ. ಒಂದು ‘ಘಟನೋತ್ತರ ಅನುಮೋದನೆ’. ತುರ್ತು ಸಂದರ್ಭದಲ್ಲಿ ಕುಲಪತಿ ನಿರ್ಧಾರ ತೆಗೆದುಕೊಂಡು ಮುಂದಿನ ಸಭೆಗೆ ವರದಿ ಮಾಡಬಹುದು. ಪೈಪ್ ಒಡೆದರೆ, ಪರೀಕ್ಷೆ ಹಿಂದಿನ ದಿನ ಮುದ್ರಣಾಲಯ ಕೈಕೊಟ್ಟರೆ ಅದು ತುರ್ತು. ಕುರ್ಚಿ-ಮೇಜು ಖರೀದಿ ತುರ್ತಾಗುವುದು ಹೇಗೆ? ಒಂದು ವರ್ಷದ ನಡಾವಳಿಯಲ್ಲಿ ಹಣದ ವಿಷಯಗಳು ಎಷ್ಟು, ಅದರಲ್ಲಿ ಘಟನೋತ್ತರ ಎಷ್ಟು ಎಂದು ಎಣಿಸಿ, ಆ ವಿ.ವಿ. ಸಭೆಯಲ್ಲಿ ನಡೆಯುತ್ತದೋ, ಕೊಠಡಿಯಲ್ಲಿ ನಡೆಯುತ್ತದೋ ಗೊತ್ತಾಗುತ್ತದೆ. ಇನ್ನೊಂದು ‘ಟೇಬಲ್ ಅಜೆಂಡಾ’: ಮೊದಲೇ ಕಳಿಸದೆ ಸಭೆಯ ದಿನ ಮೇಜಿನ ಮೇಲಿಟ್ಟ ವಿಷಯ. ಮೂವತ್ತು ಪುಟದ ಕಡತವನ್ನು ಚಹಾ ಕುಡಿಯುವ ಹೊತ್ತಿನಲ್ಲಿ ಯಾರು ಓದುತ್ತಾರೆ? ಅಲ್ಲಿ ಹಣಕಾಸು ಅಧಿಕಾರಿ ಭಿನ್ನ ಟಿಪ್ಪಣಿ ಬರೆದಿದ್ದರೆ ಅದರ ಪ್ರತಿ ಕೇಳಲೇಬೇಕು. ಪ್ರಭಾರ ಕುಲಪತಿ ಇದ್ದ ತಿಂಗಳುಗಳನ್ನು ಗುರುತು ಹಾಕಿಟ್ಟು ಆ ಅವಧಿಯ ಖರೀದಿಗಳನ್ನು ಬೇರೆಯಾಗಿ ನೋಡುವುದೂ ಒಳ್ಳೆಯದು.

ಖರೀದಿಗೆ ಕೆಟಿಪಿಪಿ, ಅಂದರೆ 1999ರ ಪಾರದರ್ಶಕತೆ ಕಾಯ್ದೆ ಅನ್ವಯ. ಟೆಂಡರ್ ತಪ್ಪಿಸುವ ದಾರಿ ಎರಡು. ಕೆಲಸವನ್ನು ತುಂಡು ಮಾಡಿ ಒಂದೊಂದನ್ನೂ ಮಿತಿಯೊಳಗೆ ತರುವುದು: ಒಂದೇ ವಾರ, ಒಂದೇ ವಸ್ತು, ಐದು ಆದೇಶ, ಮೊತ್ತ ಮಿತಿಗಿಂತ ನೂರಿನ್ನೂರು ರೂಪಾಯಿ ಕಡಿಮೆ. ಇಲ್ಲವೇ 4(ಜಿ) ವಿನಾಯಿತಿ ತಂದು ನೇರವಾಗಿ ಕೊಡುವುದು. ಎರಡನೆಯದಕ್ಕೆ ಸರ್ಕಾರದ ಅಧಿಸೂಚನೆ ಇರುತ್ತದೆ, ಕಾರಣ ಬರೆದಿರುತ್ತಾರೆ. ಮೊದಲನೆಯದು ಖರೀದಿ ವಹಿಯನ್ನು ದಿನಾಂಕದ ಪ್ರಕಾರ ಜೋಡಿಸಿದಾಗ ಮಾತ್ರ ಕಾಣುತ್ತದೆ.

ನೇಮಕಾತಿಯಲ್ಲಿ ನಮ್ಮ ಭಾಗಕ್ಕೆ ಸಂವಿಧಾನದ 371(ಜೆ), ಅಂದರೆ ಸ್ಥಳೀಯರಿಗೆ ಹುದ್ದೆಯಲ್ಲಿ ಮೀಸಲು ಇದೆ. ಮೀಸಲಾತಿ ರೋಸ್ಟರ್ (ಯಾವ ಹುದ್ದೆ ಯಾವ ವರ್ಗಕ್ಕೆ ಎಂಬ ಸರದಿ ಪಟ್ಟಿ) ಜೊತೆಗೆ ಸ್ಥಳೀಯ ವೃಂದದ ರೋಸ್ಟರ್ ಕೂಡ ಬೇಕು. ಎರಡರಲ್ಲಿ ಒಂದು ತಪ್ಪಿದರೂ ಅಧಿಸೂಚನೆ ಕೋರ್ಟಿಗೆ ಹೋಗುತ್ತದೆ. ಹುದ್ದೆ ಮತ್ತೆ ವರ್ಷಗಟ್ಟಲೆ ಖಾಲಿ, ಮತ್ತೆ ಅತಿಥಿ ಉಪನ್ಯಾಸಕರು, ಮತ್ತೆ ಜಮಾ_ಖರ್ಚು ಅವರು ಹೇಳಿದ ಎರಡನೇ ಚೀಲ. ಹುದ್ದೆ ಭರ್ತಿಗೆ ಆರ್ಥಿಕ ಇಲಾಖೆ ಒಪ್ಪಿಗೆ ಕೊಟ್ಟ ಮೇಲೂ ಹಣ ಸೋರುತ್ತಲೇ ಇರುವುದು ಈ ಸಂದಿನಲ್ಲಿ.

ಐಪಿಒ ಅವರ ಮಾತಿಗೆ ಒಂದು ತಕರಾರಿದೆ. ಮಾಹಿತಿ ಹಕ್ಕಿನಲ್ಲಿ ಎರಡನೇ ಮೇಲ್ಮನವಿಯವರೆಗೆ ಹೋದರೆ ವರ್ಷ ಕಳೆದುಹೋಗುತ್ತದೆ. ಸದನ ನಡೆಯುವ ಕಾಲವಾದರೆ ಈಶಾನ್ಯ ಪದವೀಧರ ಕ್ಷೇತ್ರ ಅಥವಾ ಈಶಾನ್ಯ ಶಿಕ್ಷಕರ ಕ್ಷೇತ್ರದ ವಿಧಾನ ಪರಿಷತ್ ಸದಸ್ಯರಿಂದ ಚುಕ್ಕೆ ಗುರುತಿಲ್ಲದ ಪ್ರಶ್ನೆ ಕೇಳಿಸಿ. ಲಿಖಿತ ಉತ್ತರ ಬರುತ್ತದೆ, ಅನುಬಂಧವೂ ಬರುತ್ತದೆ, ಸಹಿ ಸಚಿವರದ್ದಿರುತ್ತದೆ. ಪ್ರಶ್ನೆಯನ್ನು ನೀವೇ ಬರೆದು ಕೊಡಿ: ಹುದ್ದೆ ಎಷ್ಟು, ಖಾಲಿ ಎಷ್ಟು, ಕಳೆದ ಐದು ವರ್ಷ ಸಂಬಳ ಮತ್ತು ಪಿಂಚಣಿಗೆ ಬೇಡಿಕೆ ಎಷ್ಟು, ಬಿಡುಗಡೆ ಎಷ್ಟು. ಅದರಲ್ಲಿ ವಿಶೇಷಣಗಳು ಬೇಡ.

ಲೋಕಾಯುಕ್ತಕ್ಕೆ ಹೋಗುವುದಾದರೆ ನಮೂನೆ 1ರಲ್ಲಿ ದೂರು, ನಮೂನೆ 2ರಲ್ಲಿ ಪ್ರಮಾಣಪತ್ರ. ಕುಂದುಕೊರತೆಗೆ ಆರು ತಿಂಗಳು, ಭ್ರಷ್ಟಾಚಾರದ ಆರೋಪಕ್ಕೆ ಐದು ವರ್ಷದ ಗಡುವು. ದಾಖಲೆ ಕೈಯಲ್ಲಿಲ್ಲದೆ ಹೋಗಬೇಡಿ. ದೇಶದ ಮಹಾಲೆಕ್ಕಪರಿಶೋಧಕರಾದ ಸಿಎಜಿ ಪ್ರತಿ ವರ್ಷ ಪ್ರತಿ ವಿ.ವಿ.ಗೆ ಬರುವುದಿಲ್ಲ, ವರ್ಷದ ಲೆಕ್ಕ ನೋಡುವುದು ರಾಜ್ಯದ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಇಲಾಖೆ.

ಶಹಾಬಾದಿ_ಕಲ್ಲು:

ಎಲ್ಲರಿಗೂ ಶರಣು. ಒಂದೇ ಸಂದೇಹ ಉಳಿದಿದೆ. ಎಲ್ಲವನ್ನೂ ಒಟ್ಟಿಗೆ ಕೇಳುವಷ್ಟು ಜನ ನಾವಿಲ್ಲ. ಮೊದಲ ಮೂರು ತಿಂಗಳಲ್ಲಿ ಒಂದೇ ದಾಖಲೆ ಹಿಡಿಯಬೇಕೆಂದರೆ ಯಾವುದು? ಮುಂಗಡಗಳ ಪಟ್ಟಿ ಅಂದರೆ ಏನು, ಅದು ಯಾಕೆ ಬೇಕು ಅನ್ನುವುದೂ ಗೊತ್ತಾಗಲಿಲ್ಲ.

ಜಮಾ_ಖರ್ಚು:

ಅನುಪಾಲನಾ ವರದಿ ಹಿಡಿಯಿರಿ. ಲೆಕ್ಕಪರಿಶೋಧಕರು ಏನು ಕೇಳಿದರು, ವಿ.ವಿ. ಏನು ಉತ್ತರ ಕೊಟ್ಟಿತು, ಎರಡೂ ಒಂದೇ ಕಡೆ ಸಿಗುತ್ತವೆ. ‘ಕಡತ ಪರಿಶೀಲನೆಯಲ್ಲಿದೆ’, ‘ಮುಂದಿನ ಲೆಕ್ಕಪರಿಶೋಧನೆಗೆ ಹಾಜರುಪಡಿಸಲಾಗುವುದು’ ಎಂಬ ಎರಡು ಉತ್ತರಗಳನ್ನು ಹಳದಿ ಪೆನ್ನಿನಲ್ಲಿ ಗೆರೆ ಹಾಕಿ. ಅದೇ ಕಂಡಿಕೆ ಹಿಂದಿನ ಎರಡು ವರ್ಷದ ವರದಿಯಲ್ಲೂ ಇದ್ದರೆ ಅದು ಮರೆತ ಕಡತ ಅಲ್ಲ.

ಮುಂಗಡ ಅಂದರೆ ಕೆಲಸಕ್ಕೆ ಮೊದಲೇ ಕೊಟ್ಟ ದುಡ್ಡು. ಪರೀಕ್ಷಾ ಕೇಂದ್ರದ ಮುಖ್ಯ ಅಧೀಕ್ಷಕರಿಗೆ, ವಿಚಾರ ಸಂಕಿರಣ ನಡೆಸುವವರಿಗೆ, ಕ್ರೀಡಾಕೂಟಕ್ಕೆ ಕೊಡುತ್ತಾರೆ. ಕೆಲಸ ಮುಗಿದ ಮೇಲೆ ವೋಚರ್ ಕೊಟ್ಟು, ಉಳಿದದ್ದು ವಾಪಸ್ ಕಟ್ಟಿ ಹೊಂದಾಣಿಕೆ ಮಾಡಬೇಕು. ಮಾಡದಿದ್ದರೆ ಆ ಮೊತ್ತ ಖರ್ಚಿನಲ್ಲೂ ಇಲ್ಲ, ಬ್ಯಾಂಕಿನಲ್ಲೂ ಇಲ್ಲ. ಪುಸ್ತಕದಲ್ಲಿ ‘ಬರಬೇಕಾದ್ದು’ ಅಂತ ಆಸ್ತಿಯ ಕಡೆ ಕೂತಿರುತ್ತದೆ. ತೆಗೆದುಕೊಂಡವರು ನಿವೃತ್ತರಾಗುವ ಹೊತ್ತಿಗೆ ಬೇಬಾಕಿ ಪ್ರಮಾಣಪತ್ರ ಕೊಟ್ಟುಬಿಟ್ಟರೆ ಆಮೇಲೆ ವಸೂಲಿಗೆ ಹಿಡಿತವೇ ಇಲ್ಲ. ಪಟ್ಟಿ ಬಂದ ಮೇಲೆ ಹೆಸರುಗಳನ್ನು ಮುಚ್ಚಿಟ್ಟು ದಿನಾಂಕದ ಕಾಲಂ ಮಾತ್ರ ನೋಡಿ. ಒಂದು ವರ್ಷ ದಾಟಿದ ಸಾಲುಗಳನ್ನು ಕೂಡಿಸಿ, ಆ ಮೊತ್ತವನ್ನು ಅತಿಥಿ ಉಪನ್ಯಾಸಕರ ಒಂದು ತಿಂಗಳ ಗೌರವಧನದ ಒಟ್ಟು ಮೊತ್ತದ ಪಕ್ಕ ಬರೆಯಿರಿ. ನೀವು ಮೊದಲು ಕೇಳಿದ ಪ್ರಶ್ನೆಯ ಎಷ್ಟು ಭಾಗಕ್ಕೆ ಉತ್ತರ ಕ್ಯಾಂಪಸ್ಸಿನ ಒಳಗೇ ಇದೆ ಎಂಬುದು ಆ ಎರಡು ಸಂಖ್ಯೆಗಳಲ್ಲಿ ಕಾಣುತ್ತದೆ.

ಹತ್ತು_ರೂಪಾಯಿ_ಐಪಿಒ:

ಅರ್ಜಿ ಸ್ಪೀಡ್ ಪೋಸ್ಟಿಗೆ ಹಾಕ್ರಿ, ತಲುಪಿದ್ದಕ್ಕ ಪುರಾವೆ ತಗೊಳ್ರಿ. ಕೈಯಾಗ ಕೊಟ್ರ ನಕಲು ಮ್ಯಾಲ ಮೊಹರು, ದಿನಾಂಕ, ಆವಕ ಸಂಖ್ಯೆ ಮೂರೂ ಹಾಕಿಸ್ಕೊಳ್ರಿ. ಬರೀ ಸಹಿ ತಗೊಂಡು ಬಂದ್ರ ನಡಿಯಂಗಿಲ್ಲ.